ರಕ್ತ ತೆಳು ಮಾಡುವ ಮಾತ್ರೆ ಮತ್ತು ಗಂಟಲಿನ ರಕ್ತಸ್ರಾವ: ಗುರುತಿಸುವುದರಿಂದ ಮತ್ತೆ ಮಾತ್ರೆ ಶುರುಮಾಡುವವರೆಗೆ

ಹೃದಯದ ವಾಲ್ವ್ ಬದಲಾಯಿಸಿಕೊಂಡವರು, ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವರ್ಷಗಟ್ಟಲೆ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾರೆ. ಅವರಿಗೊಂದು ದಿನ ಗಂಟಲು ನೋವು ಶುರುವಾದರೆ ಮನೆಯಲ್ಲಿ ಎಲ್ಲರೂ ನೆಗಡಿ ಎಂದೇ ತಿಳಿಯುತ್ತಾರೆ. ಬಹುಪಾಲು ಸಲ ಅದು ನೆಗಡಿಯೇ ಆಗಿರುತ್ತದೆ. ಆದರೆ ಅಪರೂಪಕ್ಕೆ ಗಂಟಲಿನ ಒಳಪದರದ ಕೆಳಗೆ ರಕ್ತ ಸೋರಿ ಗಡ್ಡೆಯಾಗುತ್ತಿರುತ್ತದೆ. ಮೊದಲ ಕೆಲವು ಗಂಟೆ ಇವೆರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮೆಡಿಕಲ್ ಶಾಪಿನಿಂದ ಒಂದು ಆಂಟಿಬಯೋಟಿಕ್, ಒಂದು ನೋವಿನ ಮಾತ್ರೆ ತಂದು ನುಂಗಿದರೆ ಎರಡೂ ಸೇರಿ ರಕ್ತವನ್ನು ಇನ್ನಷ್ಟು ತೆಳು ಮಾಡುತ್ತವೆ, ಗಡ್ಡೆ ಬೆಳೆಯುತ್ತದೆ. ಈ ತಪ್ಪು ಆಗದಂತೆ ನೋಡಿಕೊಳ್ಳುವುದು ಹೇಗೆ, ಆಗಿಹೋಗಿದ್ದರೆ ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬುದನ್ನು ರೋಗಿ ಮತ್ತು ಮನೆಯವರಿಗಾಗಿ ಇಲ್ಲಿ ವಿವರಿಸಿದ್ದೇವೆ.

ಗಂಟಲಲ್ಲಿ ನಿಜವಾಗಿ ಆಗುವುದೇನು

ಕೈಗೋ ತೊಡೆಗೋ ಪೆಟ್ಟು ಬಿದ್ದು ರಕ್ತ ಕಂದಿದರೆ ಊತ ಹೊರಗೆ ಉಬ್ಬುತ್ತದೆ. ಗಂಟಲಲ್ಲಿ ಹಾಗಲ್ಲ. ನಾಲಗೆಯ ಬುಡ, ಗಂಟಲಿನ ಹಿಂಗೋಡೆ, ಧ್ವನಿಪೆಟ್ಟಿಗೆಯ ಸುತ್ತಲಿನ ಅಂಗಾಂಶ ಇವೆಲ್ಲ ಸಡಿಲವಾಗಿವೆ, ರಕ್ತ ಸೋರಿದರೆ ಸುಲಭವಾಗಿ ಹರಡುತ್ತದೆ. ಹರಡಿದ ರಕ್ತ ಒತ್ತುವುದು ಉಸಿರಿನ ದಾರಿಯನ್ನು. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಉಸಿರು ಕಟ್ಟಬಹುದು. ಗಂಟಲಿನ ರಕ್ತಸ್ರಾವ ಎಂದಾಗ ಜನ ಉಗುಳಿನಲ್ಲಿ ಕೆಂಪು ಹುಡುಕುತ್ತಾರೆ, ನಿಜವಾದ ಅಪಾಯ ಮಾತ್ರ ಹಲವು ಸಲ ಒಳಗಿನ ಊತದಲ್ಲಿರುತ್ತದೆ.

ಇದು ಮುಖ್ಯವಾಗಿ ಮೂರು ಜಾಗಗಳಲ್ಲಿ ಆಗುತ್ತದೆ. ನಾಲಗೆಯ ಕೆಳಗೆ ಆದರೆ ನಾಲಗೆ ಮೇಲಕ್ಕೆ, ಹಿಂದಕ್ಕೆ ತಳ್ಳಲ್ಪಡುತ್ತದೆ, ಮಾತು ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಮಾತಿನಂತೆ ತೊದಲುತ್ತದೆ. ಗಂಟಲಿನ ಹಿಂದೆ, ಬೆನ್ನುಮೂಳೆಯ ಮುಂದೆ ಆದರೆ ನುಂಗಲು ಆಗುವುದಿಲ್ಲ, ಕುತ್ತಿಗೆ ತಿರುಗಿಸಿದರೆ ನೋವು. ಧ್ವನಿಪೆಟ್ಟಿಗೆಯಲ್ಲಿ ಆದರೆ ದನಿ ಒಡೆಯುತ್ತದೆ ಅಥವಾ ಇದ್ದಕ್ಕಿದ್ದಂತೆ ಉಡುಗಿಹೋಗುತ್ತದೆ. ಕಾರಣ ದೊಡ್ಡದಿರಬೇಕೆಂದಿಲ್ಲ. ಜೋರಾದ ಕೆಮ್ಮು, ಸೀನು, ವಾಂತಿ, ಗಟ್ಟಿಯಾಗಿ ಕೂಗಿದ್ದು, ಗಂಟಲಲ್ಲಿ ಗೀರಿದ ಮೀನಿನ ಮುಳ್ಳು, ದವಡೆಗೆ ಹಾಕಿಸಿಕೊಂಡ ಮರಗಟ್ಟಿಸುವ ಸೂಜಿ, ಇವುಗಳಲ್ಲಿ ಒಂದು ಸಾಕು. ಕೆಲವರಲ್ಲಿ ಯಾವ ಕಾರಣವೂ ಸಿಗುವುದಿಲ್ಲ.

ಮೊದಲು ನಿಮ್ಮ ಮಾತ್ರೆ ಯಾವ ಗುಂಪಿನದು ತಿಳಿದಿರಲಿ

ರಕ್ತ ತೆಳು ಮಾಡುವ ಮಾತ್ರೆ ಎಂದು ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ರಕ್ತಸ್ರಾವವಾದಾಗ ಮಾತ್ರ ಒಂದೊಂದಕ್ಕೆ ಒಂದೊಂದು ಚಿಕಿತ್ಸೆ.

ಅಸಿನೊಕೌಮರಾಲ್ (ಅಸಿಟ್ರಾಮ್) ಮತ್ತು ವಾರ್ಫರಿನ್ (ವಾರ್ಫ್) ವಿಟಮಿನ್ ಕೆ ಕೆಲಸಕ್ಕೆ ಅಡ್ಡಬಂದು ರಕ್ತ ಹೆಪ್ಪುಗಟ್ಟಿಸುವ 2, 7, 9, 10ನೇ ಅಂಶಗಳನ್ನು ಕಡಿಮೆ ಮಾಡುತ್ತವೆ. ಇವುಗಳ ಪರಿಣಾಮ ಅಳೆಯಲು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ನೋಡಲು, ಪಿಟಿ-ಐಎನ್‌ಆರ್ ಪರೀಕ್ಷೆ ಇದೆ. ಸಂಖ್ಯೆ ಹೆಚ್ಚಾದಷ್ಟೂ ರಕ್ತ ತೆಳು. ಮಾತ್ರೆ ತೆಗೆದುಕೊಳ್ಳದವರಲ್ಲಿ ಐಎನ್‌ಆರ್ ಸುಮಾರು 1. ಏಟ್ರಿಯಲ್ ಫಿಬ್ರಿಲೇಶನ್, ಕಾಲಿನ ಹೆಪ್ಪು ಇದ್ದವರಿಗೆ ಸಾಮಾನ್ಯವಾಗಿ 2ರಿಂದ 3 ಗುರಿ. ಹೃದಯದ ಎಡಬದಿಯ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದವರಿಗೆ 2.5ರಿಂದ 3.5. ನಿಮ್ಮ ಗುರಿ ಎಷ್ಟೆಂದು ನಿಮ್ಮ ವೈದ್ಯರೇ ಹೇಳಿರುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. 4.5 ದಾಟಿದ ಮೇಲೆ ರಕ್ತಸ್ರಾವದ ಅಪಾಯ ಕಡಿದಾಗಿ ಏರುತ್ತದೆ. ಹಾಗೆಂದು ಐಎನ್‌ಆರ್ ಸರಿಯಿದ್ದವರಿಗೆ ರಕ್ತಸ್ರಾವ ಆಗುವುದೇ ಇಲ್ಲ ಎಂದೂ ತಿಳಿಯಬಾರದು.

ಡಾಬಿಗಟ್ರಾನ್ (ಪ್ರಡಾಕ್ಸಾ), ರಿವರಾಕ್ಸಬಾನ್ (ಜರೆಲ್ಟೊ), ಅಪಿಕ್ಸಬಾನ್ (ಎಲಿಕ್ವಿಸ್) ಹೊಸ ಗುಂಪಿನವು. ಇವಕ್ಕೆ ತಿಂಗಳ ಐಎನ್‌ಆರ್ ಬೇಕಿಲ್ಲ. ಇಲ್ಲೊಂದು ದೊಡ್ಡ ಗೊಂದಲವಿದೆ: ಈ ಮಾತ್ರೆ ತೆಗೆದುಕೊಳ್ಳುವವರಿಗೆ ತುರ್ತಿನಲ್ಲಿ ಐಎನ್‌ಆರ್ ಮಾಡಿಸಿ, 1.2 ಬಂತೆಂದು ರಕ್ತ ಸರಿಯಾಗಿದೆ ಎಂದುಕೊಳ್ಳುವುದು. ಇವುಗಳ ಪ್ರಭಾವ ಐಎನ್‌ಆರ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಇಲ್ಲಿ ಬೇಕಾದ ಮಾಹಿತಿ ಎರಡು: ಕೊನೆಯ ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ಕಿಡ್ನಿ ಹೇಗಿದೆ. ಡಾಬಿಗಟ್ರಾನ್‌ನ ನೂರರಲ್ಲಿ ಸುಮಾರು 80 ಪಾಲು ಕಿಡ್ನಿಯ ಮೂಲಕವೇ ಹೊರಹೋಗಬೇಕು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯಲ್ಲಿ ಏರಿದ್ದರೆ ಔಷಧ ಮೈಯಲ್ಲೇ ಉಳಿಯುತ್ತದೆ.

ಮೂರನೆಯ ಗುಂಪು ಆಸ್ಪಿರಿನ್ (ಇಕೋಸ್ಪ್ರಿನ್), ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್. ಸ್ಟೆಂಟ್ ಹಾಕಿಸಿಕೊಂಡವರಿಗೆ ಇವು ಗೊತ್ತು. ಇವು ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟದಂತೆ ಮಾಡುತ್ತವೆ. ಐಎನ್‌ಆರ್ ಇವುಗಳ ಬಗ್ಗೆ ಏನೂ ಹೇಳುವುದಿಲ್ಲ, ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನಿಲ್ಲಿಸಿದರೂ ಪರಿಣಾಮ ಪೂರ್ತಿ ಇಳಿಯಲು ಐದರಿಂದ ಹತ್ತು ದಿನ ಬೇಕು. ಮೊದಲ ಎರಡು ಗುಂಪಿನ ಯಾವುದಾದರೂ ಮಾತ್ರೆಯ ಜೊತೆ ಇದೂ ಸೇರಿದ್ದರೆ ಅಪಾಯ ಹೆಚ್ಚು.

ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ

ನೆಗಡಿಯ ಗಂಟಲು ನೋವು ಸಾಮಾನ್ಯವಾಗಿ ಮೂಗು ಸೋರುವುದು, ಮೈಕೈ ನೋವು, ಜ್ವರದ ಜೊತೆ ಬಂದು ಒಂದೆರಡು ದಿನದಲ್ಲಿ ಮೆಲ್ಲಗೆ ಏರುತ್ತದೆ. ರಕ್ತ ಸೋರಿದ ಗಂಟಲು ಬೇರೆ ಥರ. ಜ್ವರ ಇರುವುದಿಲ್ಲ, ನೋವು ಇದ್ದಕ್ಕಿದ್ದಂತೆ ಬಂದು ಗಂಟೆ ಗಂಟೆಗೂ ಹೆಚ್ಚುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುತ್ತದೆ. ಅನ್ನ ಇಳಿಯುವುದಿಲ್ಲ, ಆಮೇಲೆ ನೀರು, ಆಮೇಲೆ ಸ್ವಂತ ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯುತ್ತದೆ. ದನಿ ಬದಲಾಗುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ರೋಗಿ ತಾನೇ ಎದ್ದು ಮುಂದೆ ಬಾಗಿ ಕೂರುತ್ತಾರೆ. ಉಸಿರು ಎಳೆಯುವಾಗ ಶಿಳ್ಳೆಯಂಥ ಕೀರಲು ಸದ್ದು ಬಂದರೆ ದಾರಿ ಆಗಲೇ ಕಿರಿದಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಲೆಕ್ಕ ನಿಮಿಷಗಳದು.

ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಿಲ್ಲದೆ ನೀಲಿಗಟ್ಟಿದ ಕಲೆ ಕಂಡರೆ ಅದೂ ಇದೇ ಸುಳಿವು. ಆದರೆ ಆ ಕಲೆ ಮೇಲೆ ಬರಲು ಒಂದೆರಡು ದಿನ ಹಿಡಿಯಬಹುದು. ಕಲೆ ಇಲ್ಲವೆಂದು ಸಮಾಧಾನಪಡುವಂತಿಲ್ಲ.

ಟಾರ್ಚ್ ಹಿಡಿದು ನೋಡುವ ಬಗೆ

ಉಸಿರಾಟಕ್ಕೆ ತೊಂದರೆ ಇದ್ದರೆ ಈ ಪರೀಕ್ಷೆಗೆ ಸಮಯ ಕಳೆಯದೆ ನೇರ ಹೊರಡಿ. ಉಸಿರು ಸರಾಗವಾಗಿದ್ದರೆ ಮಾತ್ರ ಇದನ್ನು ಮಾಡಿ, ಎರಡು ನಿಮಿಷ ಸಾಕು.

ಎಲೆಅಡಿಕೆ, ಗುಟ್ಕಾ, ಬೀಟ್‌ರೂಟ್ ಏನಾದರೂ ಬಾಯಲ್ಲಿದ್ದರೆ ಉಗಿದು ತಣ್ಣೀರಲ್ಲಿ ಬಾಯಿ ತೊಳೆಸಿ. ತಾಂಬೂಲ ಹಾಕುವ ಹಿರಿಯರ ಉಗುಳು ಸದಾ ಕೆಂಪಾಗಿರುವುದರಿಂದ ನಿಜವಾದ ರಕ್ತ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ತೊಳೆದ ಮೇಲೆ ಒಂದು ಬಿಳಿ ಬಟ್ಟೆಯ ಮೇಲೆ ಉಗುಳಲು ಹೇಳಿ. ಅಡಿಕೆಯ ಕೆಂಪು ಕಂದು-ಕಿತ್ತಳೆ ಛಾಯೆಯದು, ಎರಡು ಮೂರು ಸಲ ಬಾಯಿ ಮುಕ್ಕಳಿಸಿದರೆ ಹೋಗುತ್ತದೆ. ರಕ್ತ ಮತ್ತೆ ಮತ್ತೆ ಬರುತ್ತದೆ.

ಆಮೇಲೆ ರೋಗಿಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಬಾಯಿ ಅಗಲಿಸಿ ನಾಲಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಲು ಹೇಳಿ. ನಾಲಗೆಯ ಕೆಳಗೆ ಎರಡು ತೆಳು ನೀಲಿ ನರಗಳು ಎಲ್ಲರಿಗೂ ಕಾಣುತ್ತವೆ, ಅದು ಸಹಜ. ಆದರೆ ಅಲ್ಲಿ ನೇರಳೆ ಹಣ್ಣಿನ ಬಣ್ಣದ ಉಬ್ಬು ಇದ್ದರೆ, ನಾಲಗೆ ಮೇಲೆತ್ತಿಕೊಂಡಂತೆ ಕಂಡರೆ ಅದು ಗಡ್ಡೆ. ನಂತರ ನಾಲಗೆ ಹೊರಚಾಚಿಸಿ ‘ಆ’ ಅನ್ನಿಸಿ. ಕಿರುನಾಲಗೆ, ಅಂಗುಳದ ಮೆತ್ತನೆಯ ಭಾಗ, ಗಂಟಲ ಹಿಂಗೋಡೆ ನೋಡಿ. ಕಪ್ಪು-ಕೆಂಪು ಬೊಕ್ಕೆ, ಒಂದು ಬದಿ ಒಳಕ್ಕೆ ಉಬ್ಬಿರುವುದು, ಕಿರುನಾಲಗೆ ಪಕ್ಕಕ್ಕೆ ಸರಿದಿರುವುದು ಗಮನಿಸಿ. ಚಮಚೆಯಿಂದ ನಾಲಗೆ ಒತ್ತಬೇಡಿ, ಬೆರಳು ಹಾಕಬೇಡಿ. ಬೊಕ್ಕೆಯನ್ನು ಚುಚ್ಚಿ ಒಡೆಯಬೇಡಿ. ಓಕರಿಕೆ ಬಂದರೆ ಅದರ ಒತ್ತಡಕ್ಕೇ ರಕ್ತ ಹೆಚ್ಚು ಸೋರುತ್ತದೆ.

ಬಾಯಲ್ಲಿ ಏನೂ ಕಾಣದಿದ್ದರೂ ದನಿ ಬದಲಾಗಿದ್ದರೆ, ನುಂಗಲಾಗದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಧ್ವನಿಪೆಟ್ಟಿಗೆಯ ಗಡ್ಡೆ ಟಾರ್ಚಿಗೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಹೃದಯದ ರೋಗಿಗಳಲ್ಲಿ ಹಲವರು ರಾಮಿಪ್ರಿಲ್, ಎನಾಲಪ್ರಿಲ್‌ನಂಥ ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಅವುಗಳಿಂದಲೂ ನಾಲಗೆ, ತುಟಿ ಊದಿಕೊಳ್ಳಬಹುದು. ಆ ಊತ ನೀಲಿಗಟ್ಟುವುದಿಲ್ಲ, ತೆಳು ಬಣ್ಣದ್ದಾಗಿ ಮೆತ್ತಗಿರುತ್ತದೆ. ಅದೂ ತುರ್ತೇ. ವೈದ್ಯರಿಗೆ ಬಿಪಿ ಮಾತ್ರೆಯ ಹೆಸರನ್ನೂ ಹೇಳಿ.

ಹೊರಡುವ ಮುನ್ನ ಮತ್ತು ದಾರಿಯಲ್ಲಿ

1. ರೋಗಿಯನ್ನು ಮಲಗಿಸಬೇಡಿ. ಅವರಿಗೆ ಉಸಿರಾಡಲು ಹಿತವೆನಿಸುವ ಭಂಗಿಯಲ್ಲಿ ನೆಟ್ಟಗೆ ಅಥವಾ ಸ್ವಲ್ಪ ಮುಂದೆ ಬಾಗಿ ಕೂರಲಿ. ಆಂಬುಲೆನ್ಸಿನ ಸ್ಟ್ರೆಚರ್ ಮೇಲೂ ಕೂರಿಸಿಯೇ ಒಯ್ಯಿರಿ.

2. 108ಕ್ಕೆ ಕರೆ ಮಾಡಿ, ‘ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ, ಗಂಟಲು ಊದಿ ಉಸಿರಾಟ ಕಷ್ಟ ಆಗ್ತಿದೆ’ ಎಂದು ಇಷ್ಟನ್ನೇ ಹೇಳಿ. ಗಂಟಲು ನೋವು ಎಂದಷ್ಟೇ ಹೇಳಿದರೆ ಸಮಸ್ಯೆಯ ತೂಕ ಆ ಕಡೆಯವರಿಗೆ ತಿಳಿಯುವುದಿಲ್ಲ.

3. ಮುಂದಿನ ಹೊತ್ತಿನ ರಕ್ತ ತೆಳು ಮಾಡುವ ಮಾತ್ರೆ ಕೊಡಬೇಡಿ. ಬಾಯಿಯಿಂದ ನೀರು, ಕಷಾಯ, ಊಟ ಏನೂ ಬೇಡ. ಉಸಿರಿನ ಕೊಳವೆ ಹಾಕಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

4. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಕಾಂಬಿಫ್ಲಾಮ್, ಡಿಸ್ಪ್ರಿನ್ ಕೊಡಬಾರದು. ದಾರಿಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಹಾಕಿಸಬಾರದು, ರಕ್ತ ತೆಳುವಾಗಿದ್ದಾಗ ಮಾಂಸಕ್ಕೆ ಹಾಕಿದ ಸೂಜಿ ಅಲ್ಲೇ ಇನ್ನೊಂದು ಗಡ್ಡೆ ಮಾಡುತ್ತದೆ.

5. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ಕಳೆದ ಎರಡು ವಾರದಲ್ಲಿ ಹೊಸದಾಗಿ ತೆಗೆದುಕೊಂಡ ಮಾತ್ರೆ, ಆಯುರ್ವೇದದ ಪುಡಿ, ಕ್ಯಾಪ್ಸೂಲ್ ಎಲ್ಲವೂ ಬೇಕು. ಐಎನ್‌ಆರ್ ಪುಸ್ತಕ, ವಾಲ್ವ್ ಕಾರ್ಡ್ ಜೊತೆಗಿಡಿ. ಕೊನೆಯ ಮಾತ್ರೆ ನುಂಗಿದ ಸಮಯವನ್ನು ಚೀಟಿಯಲ್ಲಿ ಬರೆಯಿರಿ.

6. ಯಾವ ಆಸ್ಪತ್ರೆ ಎಂಬುದು ಮುಖ್ಯ. ಇಎನ್‌ಟಿ ವೈದ್ಯರು, ಅರಿವಳಿಕೆ ತಜ್ಞರು, ಐಸಿಯು, ರಕ್ತನಿಧಿ ನಾಲ್ಕೂ ಇರುವ ಕಡೆಗೆ ಹೋಗುವುದು ಒಳ್ಳೆಯದು. ದೊಡ್ಡ ಆಸ್ಪತ್ರೆ ಎರಡು ಗಂಟೆ ದೂರವಿದ್ದು ಶಿಳ್ಳೆಯ ಸದ್ದು ಶುರುವಾಗಿದ್ದರೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಹೋಗಿ. ಅಲ್ಲಿ ಆಮ್ಲಜನಕ, ವಿಟಮಿನ್ ಕೆ ಸಿಕ್ಕೀತು, ಉಸಿರಿನ ದಾರಿ ಉಳಿಸಬಲ್ಲವರು ಇದ್ದಾರು. ಅಲ್ಲಿಂದ ಮುಂದಕ್ಕೆ ಕಳಿಸುವಾಗ ಕೊಳವೆ ಹಾಕಬಲ್ಲ ಒಬ್ಬರು ಜೊತೆಗೆ ಬರಲಿ ಎಂದು ಕೇಳಿಕೊಳ್ಳಿ.

ಆಸ್ಪತ್ರೆಯಲ್ಲಿ ನಡೆಯುವುದು, ನೀವು ಕೇಳಬೇಕಾದ್ದು

ಕ್ರಮ ಇದು: ಮೊದಲು ಉಸಿರಿನ ದಾರಿ, ಅದರ ಜೊತೆಜೊತೆಗೇ ರಕ್ತವನ್ನು ಮತ್ತೆ ಹೆಪ್ಪುಗಟ್ಟುವಂತೆ ಮಾಡುವುದು, ಸ್ಕ್ಯಾನ್ ಆಮೇಲೆ. ಸಿಟಿ ಸ್ಕ್ಯಾನ್ ಗಡ್ಡೆಯ ಜಾಗ, ಗಾತ್ರ ಚೆನ್ನಾಗಿ ತೋರಿಸುತ್ತದೆ, ಆದರೆ ಅದಕ್ಕೆ ಅಂಗಾತ ಮಲಗಬೇಕು. ಮಲಗಿದರೆ ಉಸಿರು ಕಟ್ಟುವ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಒಯ್ಯುವುದು ಅಪಾಯ. ಇಎನ್‌ಟಿ ವೈದ್ಯರು ಮೂಗಿನ ಮೂಲಕ ತೆಳು ಬಾಗುವ ದುರ್ಬೀನು ಹಾಕಿ, ರೋಗಿ ಕೂತಿರುವಂತೆಯೇ ಗಂಟಲು ನೋಡುತ್ತಾರೆ. ಅದು ಸಿಗದಿದ್ದರೆ ಕುತ್ತಿಗೆಯ ಪಕ್ಕದಿಂದ ತೆಗೆದ ಎಕ್ಸ್‌ರೇ ನೆರವಾಗುತ್ತದೆ. ಬೆನ್ನುಮೂಳೆಯ ಮುಂದಿನ ಅಂಗಾಂಶ ಎರಡನೇ ಕುತ್ತಿಗೆ ಮೂಳೆಯ ಮಟ್ಟದಲ್ಲಿ 7 ಮಿ.ಮೀ.ಗಿಂತ, ಆರನೆಯದರ ಮಟ್ಟದಲ್ಲಿ 22 ಮಿ.ಮೀ.ಗಿಂತ ದಪ್ಪವಿದ್ದರೆ ಹಿಂದೆ ಏನೋ ತುಂಬಿಕೊಂಡಿದೆ.

ದಾರಿ ಮುಚ್ಚುವ ಸೂಚನೆ ಇದ್ದರೆ ರೋಗಿ ಎಚ್ಚರವಿರುವಾಗಲೇ ದುರ್ಬೀನಿನ ಸಹಾಯದಿಂದ ಕೊಳವೆ ಹಾಕುವುದು ಸಾಮಾನ್ಯ ಕ್ರಮ, ಪಕ್ಕದಲ್ಲೇ ಕುತ್ತಿಗೆಯಲ್ಲಿ ರಂಧ್ರ ಮಾಡಲು ಸಿದ್ಧತೆ ಇಟ್ಟುಕೊಂಡಿರುತ್ತಾರೆ. ‘ಕುತ್ತಿಗೆ ಕೊಯ್ಯುತ್ತಾರಂತೆ’ ಎಂದು ಮನೆಯವರು ಒಪ್ಪಿಗೆ ಕೊಡದೆ ಹಿಂಜರಿಯುವುದುಂಟು. ಟ್ರೇಕಿಯಾಸ್ಟಮಿ, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ಮಾಡುವ ಆ ರಂಧ್ರ, ಇಲ್ಲಿ ಕೆಲವೇ ದಿನಗಳ ದಾರಿ, ಊತ ಇಳಿದ ಮೇಲೆ ತೆಗೆಯುತ್ತಾರೆ. ಗಡ್ಡೆಯನ್ನೇ ಕೊಯ್ದು ರಕ್ತ ಹೊರಹಾಕಿ ಎಂದು ಮಾತ್ರ ಒತ್ತಾಯಿಸಬೇಡಿ. ತೆಳುವಾದ ರಕ್ತ ಇರುವಾಗ ಕೊಯ್ದರೆ ನಿಲ್ಲುವುದಿಲ್ಲ. ರಕ್ತ ಸರಿಹೋದರೆ ಹೆಚ್ಚಿನ ಗಡ್ಡೆಗಳು ದಿನಗಳಿಂದ ಕೆಲವು ವಾರಗಳಲ್ಲಿ ತಾವಾಗಿ ಕರಗುತ್ತವೆ.

ಅಸಿಟ್ರಾಮ್, ವಾರ್ಫ್ ತೆಗೆದುಕೊಳ್ಳುವವರಿಗೆ ಮರುಮದ್ದು ಎರಡು ಪದರದ್ದು. ವಿಟಮಿನ್ ಕೆ1, ಅಂದರೆ ಫೈಟೊಮೆನಡಿಯೋನ್, 5ರಿಂದ 10 ಮಿ.ಗ್ರಾಂ, ಗ್ಲೂಕೋಸ್ ಅಥವಾ ಸಲೈನ್‌ನಲ್ಲಿ ಬೆರೆಸಿ ನರದ ಮೂಲಕ 20-30 ನಿಮಿಷ ನಿಧಾನವಾಗಿ. ಬೇಗ ತಳ್ಳಿದರೆ ತೀವ್ರ ಅಲರ್ಜಿಯಂಥ ಪ್ರತಿಕ್ರಿಯೆ ಆಗಬಹುದು. ವಿಟಮಿನ್ ಕೆ3 ಸೂಜಿ ಇದಕ್ಕೆ ಕೆಲಸ ಮಾಡುವುದಿಲ್ಲ. ಹೊರಗಿನಿಂದ ತರಲು ಚೀಟಿ ಕೊಟ್ಟರೆ ಕೆ1 ಎಂದೇ ಖಚಿತಪಡಿಸಿಕೊಂಡು ತನ್ನಿ. ವಿಟಮಿನ್ ಕೆ ಕೆಲಸ ಶುರುಮಾಡಲು 4-6 ಗಂಟೆ, ಪೂರ್ತಿಯಾಗಲು 12-24 ಗಂಟೆ ಬೇಕು. ಅಷ್ಟು ಹೊತ್ತು ಗಂಟಲು ಕಾಯುವುದಿಲ್ಲ, ಹಾಗಾಗಿ ಹೆಪ್ಪುಗಟ್ಟಿಸುವ ಅಂಶಗಳನ್ನು ನೇರವಾಗಿಯೇ ಕೊಡಬೇಕು. ಪಿಸಿಸಿ ಎಂಬ ಸಾಂದ್ರ ಔಷಧ ಇದ್ದರೆ ಅದೇ ಉತ್ತಮ: ಐಎನ್‌ಆರ್ 2-4 ಇದ್ದರೆ ಪ್ರತಿ ಕಿಲೋ ತೂಕಕ್ಕೆ 25 ಯೂನಿಟ್, 4-6 ಇದ್ದರೆ 35, 6 ದಾಟಿದ್ದರೆ 50. ನೀರಿನಂಶ ಕಡಿಮೆ, ಮುಂದೆ ಹೇಳುವ ಪ್ಲಾಸ್ಮಾದಂತೆ ಮಂಜು ಕರಗಲು ಕಾಯಬೇಕಿಲ್ಲ, ನಿಮಿಷಗಳಲ್ಲಿ ಪರಿಣಾಮ. ಆದರೆ ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ.

ಪಿಸಿಸಿ ಇಲ್ಲದ ಕಡೆ ಎಫ್‌ಎಫ್‌ಪಿ, ಅಂದರೆ ರಕ್ತನಿಧಿಯಲ್ಲಿ ಮಂಜುಗಟ್ಟಿಸಿಟ್ಟ ಪ್ಲಾಸ್ಮಾ (ರಕ್ತದ ದ್ರವಭಾಗ). ಕಿಲೋಗೆ 10-15 ಮಿ.ಲೀ. ಲೆಕ್ಕದಲ್ಲಿ 60 ಕಿಲೋ ತೂಗುವವರಿಗೆ 600-900 ಮಿ.ಲೀ. ಬೇಕು, ಅಂದರೆ ಸುಮಾರು ಮೂರು ನಾಲ್ಕು ಚೀಲ. ಅದನ್ನು ಕರಗಿಸಲು ಅರ್ಧ ಗಂಟೆ ಹಿಡಿಯುತ್ತದೆ. ವಾಲ್ವ್ ತೊಂದರೆಯಿಂದ ದುರ್ಬಲವಾದ ಹೃದಯಕ್ಕೆ ಒಮ್ಮೆಲೇ ಇಷ್ಟು ದ್ರವ ಹೊರೆಯಾಗಿ ಶ್ವಾಸಕೋಶದಲ್ಲಿ ನೀರು ತುಂಬುವ ಭಯವೂ ಇದೆ. ಮನೆಯವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇಲ್ಲಿದೆ: ರೋಗಿಯ ರಕ್ತದ ಗುಂಪು ಬರೆದ ಹಳೆಯ ಡಿಸ್ಚಾರ್ಜ್ ಚೀಟಿ ಕೊಡಿ, ರಕ್ತನಿಧಿಗೆ ಹೋಗಿಬರಲು ಒಬ್ಬರನ್ನು ಆಗಲೇ ನಿಲ್ಲಿಸಿಕೊಳ್ಳಿ.

ಡಾಬಿಗಟ್ರಾನ್‌ಗೆ ಇಡಾರುಸಿಜುಮಾಬ್ ಎಂಬ ನೇರ ಪ್ರತಿವಿಷ ಇದೆ, ಒಟ್ಟು 5 ಗ್ರಾಂ, 2.5ರ ಎರಡು ಬಾಟಲಿ. ರಿವರಾಕ್ಸಬಾನ್, ಅಪಿಕ್ಸಬಾನ್‌ಗೆ ನಮ್ಮಲ್ಲಿ ಪಿಸಿಸಿಯೇ ಆಸರೆ. ವಿಟಮಿನ್ ಕೆ ಈ ಮೂರಕ್ಕೂ ಉಪಯೋಗವಿಲ್ಲ. ರಕ್ತ ತೆಳು ಮಾಡುವ ಇನ್ನೊಂದು ಔಷಧವಾದ ಹೆಪಾರಿನ್ ಸೂಜಿಗೆ ಪ್ರೋಟಮಿನ್ ಮರುಮದ್ದು.

ಒಂದು ಸಣ್ಣ ವಿಷಯ, ಆದರೆ ಎಷ್ಟೋ ಗಾಬರಿಗೆ ಮೂಲ. ಐಎನ್‌ಆರ್‌ಗೆ ರಕ್ತ ತೆಗೆಯುವುದು ತಿಳಿನೀಲಿ ಮುಚ್ಚಳದ ಟ್ಯೂಬಿಗೆ. ಅದರಲ್ಲಿರುವ ಸಿಟ್ರೇಟ್ ದ್ರವ ಒಂದು ಪಾಲಾದರೆ ರಕ್ತ ಒಂಬತ್ತು ಪಾಲು ಇರಬೇಕು, ಗೆರೆಯವರೆಗೆ ತುಂಬಬೇಕು. ಅರ್ಧ ತುಂಬಿದ ಟ್ಯೂಬು ಐಎನ್‌ಆರ್ ಅನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರಕ್ತಸ್ರಾವದ ಸುಳಿವೇ ಇಲ್ಲದವರಿಗೆ ಇದ್ದಕ್ಕಿದ್ದಂತೆ 8 ಬಂದರೆ ಮರುಪರೀಕ್ಷೆ ಕೇಳಿ. ಗಂಟಲು ಊದಿರುವಾಗ ಮಾತ್ರ ಮರುಪರೀಕ್ಷೆಗೆಂದು ಚಿಕಿತ್ಸೆ ತಡಮಾಡುವಂತಿಲ್ಲ.

ಊತವಿಲ್ಲ, ಉಗುಳಲ್ಲಿ ರಕ್ತ ಮಾತ್ರ ಕಂಡರೆ

ಇದು ಹೆಚ್ಚು ಸಾಮಾನ್ಯ. ಗಂಟಲಿನಿಂದ ಬಂತು ಅನ್ನಿಸುವ ರಕ್ತ ಹಲವು ಸಲ ಗಂಟಲಿನದೇ ಅಲ್ಲ. ಬೆಳಗ್ಗೆ ಎದ್ದಾಗ ಮಾತ್ರ ಕಪ್ಪುಗಟ್ಟಿದ ಎಳೆ ಕಂಡರೆ ರಾತ್ರಿ ಮೂಗಿನ ಹಿಂಭಾಗದಿಂದ ಜಾರಿದ್ದಿರಬಹುದು. ಹಲ್ಲುಜ್ಜುವಾಗ ಬಂದರೆ ವಸಡು. ಕೆಮ್ಮಿದಾಗ ನೊರೆಯೊಡನೆ ಬಂದ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ವಾಂತಿಯಲ್ಲಿ ಕಾಫಿ ಚರಟದಂತೆ ಬಂದದ್ದು ಹೊಟ್ಟೆಯದು. ಕೊನೆಯ ಎರಡಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಲ ಡಾಂಬರಿನಂತೆ ಕಪ್ಪಾಗಿದ್ದರೂ ಅಷ್ಟೆ.

ಮೂಗಿನದಾದರೆ ಕೂತು ತಲೆ ಮುಂದೆ ಬಾಗಿಸಿ. ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು ಗಡಿಯಾರ ನೋಡಿಕೊಂಡು 15 ನಿಮಿಷ ಬಿಡದೆ ಒತ್ತಿ. ನಿಂತಿತೇ ಎಂದು ಎರಡು ನಿಮಿಷಕ್ಕೊಮ್ಮೆ ಬಿಟ್ಟು ನೋಡಿದರೆ ಅಂಟಿದ ಹೆಪ್ಪು ಕಿತ್ತುಬರುತ್ತದೆ. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗಿಳಿದು, ಎಷ್ಟು ಹೋಗುತ್ತಿದೆ ಎಂಬ ಅಂದಾಜೇ ಸಿಗುವುದಿಲ್ಲ. ವಸಡಿನದಾದರೆ ಶುದ್ಧವಾದ ಗಾಜ್ ಬಟ್ಟೆಯ ತುಂಡನ್ನು ಮಡಚಿ 20-30 ನಿಮಿಷ ಕಚ್ಚಿ ಹಿಡಿಯಿರಿ. ಬಿಸಿನೀರಿನ ಉಪ್ಪು ಮುಕ್ಕಳಿಕೆ, ಮೆಣಸಿನ ಕಷಾಯ ಆ ದಿನ ಬೇಡ. ಒತ್ತಿದ ಮೇಲೂ ಅರ್ಧ ಗಂಟೆಗೆ ನಿಲ್ಲದಿದ್ದರೆ ಆಸ್ಪತ್ರೆ. ನಿಂತರೂ, ಅಸಿಟ್ರಾಮ್ ಅಥವಾ ವಾರ್ಫ್ ತೆಗೆದುಕೊಳ್ಳುವವರು ಅದೇ ದಿನ ಐಎನ್‌ಆರ್ ಮಾಡಿಸಬೇಕು.

ಐಎನ್‌ಆರ್ ಸರಿಯಾಗಿದ್ದೂ ಮತ್ತೆ ಮತ್ತೆ ಗಂಟಲಿನಿಂದ ರಕ್ತ ಬಂದರೆ ಮಾತ್ರೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಬೀಡಿ, ಸಿಗರೇಟು, ಅಡಿಕೆ, ಹೊಗೆಸೊಪ್ಪು ಬಳಸುವವರಲ್ಲಿ ಇದು ಬಾಯಿ ಅಥವಾ ಗಂಟಲಿನ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು. ಮಾತ್ರೆ ಇರುವುದರಿಂದ ಅದು ಬೇಗ ಬಯಲಾಗುತ್ತದೆ, ಆ ಅವಕಾಶ ಕೈಬಿಡಬಾರದು. ದನಿ ಮೂರು ವಾರ ದಾಟಿಯೂ ಗೊಗ್ಗರಾಗಿಯೇ ಇದ್ದರೆ ಇಎನ್‌ಟಿ ವೈದ್ಯರು ದುರ್ಬೀನು ಹಾಕಿ ನೋಡಲೇಬೇಕು.

ಡಾಬಿಗಟ್ರಾನ್ ನುಂಗುವವರಿಗೆ ಎದೆಯ ನಡುಮೂಳೆಯ ಹಿಂದೆ ಉರಿ, ನುಂಗುವಾಗ ನೋವು ಬಂದರೆ ಕ್ಯಾಪ್ಸೂಲ್ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡಿರಬಹುದು. ಒಂದು ಪೂರ್ತಿ ಲೋಟ ನೀರಿನೊಡನೆ ಕೂತು ನುಂಗಿ, ನುಂಗಿದ ತಕ್ಷಣ ಮಲಗಬೇಡಿ. ನುಂಗಲು ಕಷ್ಟವೆಂದು ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳನ್ನು ಮೊಸರಿಗೆ ಬೆರೆಸಿ ಕೊಡಬಾರದು, ಹಾಗೆ ಮಾಡಿದರೆ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಸುಮಾರು ಮುಕ್ಕಾಲು ಪಟ್ಟು ಹೆಚ್ಚುತ್ತದೆ.

ಐಎನ್‌ಆರ್ ಏಕೆ ಕೈತಪ್ಪುತ್ತದೆ

ಹೆಚ್ಚಿನ ಸಲ ಕಾರಣ ಹೊಸದಾಗಿ ಸೇರಿದ ಔಷಧ. ಮೆಟ್ರೊನಿಡಜೋಲ್ (ಬೇಧಿಗೆ, ಹಲ್ಲಿನ ಸೋಂಕಿಗೆ ಕೊಡುತ್ತಾರೆ), ಸಲ್ಫಾ ಸೇರಿದ ಕೋಟ್ರಿಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಕ್ಲಾರಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್ ಇವು ಐಎನ್‌ಆರ್ ಏರಿಸುವವು. ಬೇರೆ ಆಂಟಿಬಯೋಟಿಕ್‌ಗಳೂ ಪೂರ್ತಿ ನಿರಪಾಯವಲ್ಲ. ಯಾವುದೇ ಆಂಟಿಬಯೋಟಿಕ್ ಶುರುಮಾಡಿದ 3ರಿಂದ 5 ದಿನದೊಳಗೆ ಒಮ್ಮೆ ಐಎನ್‌ಆರ್ ಮಾಡಿಸಿ, ಮುಗಿಸಿದ ಮೇಲೆ ಇನ್ನೊಮ್ಮೆ. ಕ್ಷಯದ ರಿಫಾಂಪಿಸಿನ್ ಇದಕ್ಕೆ ವಿರುದ್ಧ, ಐಎನ್‌ಆರ್ ಅನ್ನು ಕೆಳಗೆಳೆಯುತ್ತದೆ. ಅದಕ್ಕೆಂದು ಡೋಸ್ ಏರಿಸಿದ್ದು, ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಹಾಗೇ ಉಳಿದರೆ ಮುಂದಿನ ವಾರಗಳಲ್ಲಿ ಐಎನ್‌ಆರ್ ಮಿತಿಮೀರುತ್ತದೆ.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಪರವಾಗಿಲ್ಲ, ಆದರೆ ದಿನಕ್ಕೆ 2 ಗ್ರಾಂ ಅಂದರೆ 500ರ ನಾಲ್ಕು ಮಾತ್ರೆಯಂತೆ ಹಲವು ದಿನ ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಮಳೆಗಾಲದ ಜ್ವರವಾದರೆ ಪ್ಲೇಟ್‌ಲೆಟ್ ಎಣಿಕೆ ಮರೆಯಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಇತ್ತ ರಕ್ತವೂ ತೆಳುವಾಗಿದ್ದರೆ ವಸಡು, ಮೂಗು, ಗಂಟಲಿನಿಂದ ರಕ್ತ ಬರುವುದು ಬೇಗ. ಅಂಥ ಜ್ವರದಲ್ಲಿ ಮಾತ್ರೆ ಮುಂದುವರಿಸಬೇಕೇ ಎಂದು ಹೃದಯದ ವೈದ್ಯರನ್ನು ಅದೇ ದಿನ ಕೇಳಿ.

ಸೊಪ್ಪಿನ ಬಗ್ಗೆ ಜನರಲ್ಲಿ ಅನಗತ್ಯ ಹೆದರಿಕೆ ಇದೆ. ಪಾಲಕ್, ನುಗ್ಗೆ, ಹರಿವೆ, ಬಸಳೆಯಲ್ಲಿ ವಿಟಮಿನ್ ಕೆ ಇದೆ ನಿಜ. ಬಿಡಬೇಕಾಗಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ತೊಂದರೆ ಬರುವುದು ದಿಢೀರ್ ಬದಲಾವಣೆಯಿಂದ. ನಿತ್ಯ ಬಸ್ಸಾರು, ಮಸ್ಸೊಪ್ಪು ಉಣ್ಣುತ್ತಿದ್ದವರು ಕಾಯಿಲೆ ಬಿದ್ದು ವಾರವಿಡೀ ಗಂಜಿಯಲ್ಲಿ ಕಳೆದರೆ, ವಾಂತಿಬೇಧಿಯಾದರೆ, ವ್ರತವೆಂದು ದಿನಗಟ್ಟಲೆ ಉಪವಾಸ ಕೂತರೆ ಅದೇ ಡೋಸ್‌ಗೆ ಐಎನ್‌ಆರ್ ಏರುತ್ತದೆ. ಅಡುಗೆಯ ಅರಿಶಿನ, ಶುಂಠಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ಇವೇ ಸಾರ ರೂಪದ ಕ್ಯಾಪ್ಸೂಲ್ ಆದಾಗ ಬೇಡ.

ಡೋಸ್‌ನ ಗೊಂದಲವೂ ಕಡಿಮೆಯಲ್ಲ. ‘ಒಂದು ದಿನ 2, ಒಂದು ದಿನ 3’ ಎಂದಿದ್ದಾಗ ಎರಡೂ ಸ್ಟ್ರಿಪ್ಪಿನಿಂದ ದಿನವೂ ನುಂಗುವವರಿದ್ದಾರೆ. ಅದೇ ಔಷಧ ಬೇರೆ ಕಂಪನಿಯ ಹೆಸರಲ್ಲಿ ಬಂದಾಗ ಎರಡನ್ನೂ ತೆಗೆದುಕೊಂಡವರೂ ಇದ್ದಾರೆ. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ಆ ದಿನದ ಡೋಸ್ ಬರೆದು, ನುಂಗಿದ ಮೇಲೆ ಗೆರೆ ಎಳೆಯುವುದು ಒಳ್ಳೆಯ ಪದ್ಧತಿ. ಅಸಿಟ್ರಾಮ್ ಅಥವಾ ವಾರ್ಫ್ ಮರೆತಿದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ, ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ.

ಹಲ್ಲು, ಮೀನು ಮತ್ತು ಬೆಳಗಿನ ಕ್ಯಾಕರಿಕೆ

ಹಲ್ಲು ಕೀಳಿಸುವ ಮುನ್ನ 24ರಿಂದ 72 ಗಂಟೆಯೊಳಗಿನ ಐಎನ್‌ಆರ್ ಇರಲಿ. 3.5ರವರೆಗೆ ಇದ್ದರೆ ಒಂದೆರಡು ಹಲ್ಲಿಗಾಗಿ ಮಾತ್ರೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹೊಲಿಗೆ, ಗಾಜ್ ಒತ್ತು, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಔಷಧದಲ್ಲಿ ನೆನೆಸಿದ ಗಾಜ್ ಸಾಕಾಗುತ್ತದೆ. ಕೆಳದವಡೆಯ ಒಳಬದಿಗೆ ಆಳವಾಗಿ ಹಾಕುವ ಸೂಜಿಯಿಂದ ರಕ್ತ ಗಂಟಲ ಪಕ್ಕದ ಜಾಗಕ್ಕೆ ಇಳಿಯಬಹುದು, ಸಾಧ್ಯವಿದ್ದ ಕಡೆ ಹಲ್ಲಿನ ಸುತ್ತ ಮಾತ್ರ ಮರಗಟ್ಟಿಸುವುದು ಲೇಸು ಎಂದು ದಂತವೈದ್ಯರೊಡನೆ ಮೊದಲೇ ಮಾತಾಡಿ. ಕೀಳಿಸಿದ ರಾತ್ರಿ ನುಂಗಲು ಕಷ್ಟವಾದರೆ, ನಾಲಗೆಯ ಕೆಳಗೆ ಊದಿದರೆ ಹಲ್ಲಿನ ನೋವು ಎಂದು ಸುಮ್ಮನಿರಬೇಡಿ.

ಕರಾವಳಿಯಲ್ಲಿ ಮೀನಿನ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಿಸುವ ರೂಢಿ ಇದೆ. ಉಂಡೆ ಮುಳ್ಳನ್ನು ಇನ್ನೂ ಆಳಕ್ಕೆ ಚುಚ್ಚಬಹುದು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಗಾಯವೇ ಗಡ್ಡೆಯ ಮೂಲ. ಇಎನ್‌ಟಿ ವೈದ್ಯರಿಂದ ತೆಗೆಸಿ, ಮುಳ್ಳು ಹೋದ ಮೇಲೂ ಎರಡು ದಿನ ನುಂಗುವಿಕೆ, ದನಿ ಗಮನಿಸಿ.

ಬೆಳಗ್ಗೆ ನಾಲಗೆ ಕೆರೆಯುವ ಪಟ್ಟಿಯನ್ನು ಬುಡದವರೆಗೂ ತಳ್ಳಿ, ಬೆರಳು ಹಾಕಿ ಓಕರಿಸಿ ಕಫ ತೆಗೆಯುವ ಅಭ್ಯಾಸ ಇದ್ದರೆ ಬಿಡಬೇಕು. ನಾಲಗೆಯ ಮುಂಭಾಗ ಮೆಲ್ಲಗೆ ಕೆರೆದರೆ ಸಾಕು. ಕೆಮ್ಮು ಬಿಡದೆ ಕಾಡುತ್ತಿದ್ದರೆ ಅದಕ್ಕೆ ಬೇಗ ಚಿಕಿತ್ಸೆ ಪಡೆಯಿರಿ.

ವಾಸಿಯಾಗುವಾಗ ಮತ್ತು ಮತ್ತೆ ಶುರುಮಾಡುವಾಗ

ಗಂಟಲಿನ ಊತ ಇಳಿಯುತ್ತಿರುವಾಗಲೇ ಕುತ್ತಿಗೆಯ ನೀಲಿ ಕಲೆ ಎದೆಯತ್ತ ಜಾರುತ್ತದೆ, ಹಸಿರಾಗಿ ಆಮೇಲೆ ಹಳದಿಯಾಗುತ್ತದೆ. ಒಳಗಿನ ರಕ್ತ ಕೆಳಗಿಳಿದು ಕರಗುತ್ತಿರುವ ಲಕ್ಷಣ ಅದು. ದನಿ, ನುಂಗುವಿಕೆ, ಉಸಿರು ಸುಧಾರಿಸುತ್ತಿದ್ದರೆ ಕಲೆಗೆ ಹೆದರಬೇಕಿಲ್ಲ. ಇವುಗಳಲ್ಲಿ ಒಂದು ಹಿಂದೆ ಸರಿದರೂ ಮತ್ತೆ ಆಸ್ಪತ್ರೆ. ಮೆತ್ತನೆಯ, ತಣ್ಣಗಿನ ಊಟ ಕೊಡಿ, ಕೂಗುವುದು ಬೇಡ.

ರಕ್ತ ನಿಂತಿತೆಂದು ಮಾತ್ರೆಯನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದು ಗಂಟಲಿನ ಗಡ್ಡೆಯಷ್ಟೇ ದೊಡ್ಡ ಅಪಾಯ. ಲೋಹದ ವಾಲ್ವ್ ಇದ್ದವರಲ್ಲಿ ವಾಲ್ವಿನ ಮೇಲೇ ಹೆಪ್ಪು ಕೂತು ಅದು ಸಿಕ್ಕಿಕೊಳ್ಳಬಹುದು, ಇಲ್ಲವೇ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಹೊಸ ಸ್ಟೆಂಟ್ ಇದ್ದವರಿಗೆ ಹೃದಯಾಘಾತ. ಯಾವ ದಿನ, ಯಾವ ಡೋಸ್‌ನಿಂದ ಮತ್ತೆ ಶುರು ಎಂಬುದನ್ನು ಹೃದಯದ ವೈದ್ಯರೂ ಇಎನ್‌ಟಿ ವೈದ್ಯರೂ ಸೇರಿ ನಿರ್ಧರಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖು ಬರೆಸಿಕೊಳ್ಳದೆ ಮನೆಗೆ ಬರಬೇಡಿ. ಹೆಚ್ಚು ವಿಟಮಿನ್ ಕೆ ಕೊಟ್ಟಿದ್ದರೆ ಕೆಲವು ದಿನ ಅಸಿಟ್ರಾಮ್, ವಾರ್ಫ್ ಹತ್ತುವುದೇ ಇಲ್ಲ. ಆ ನಡುವೆ ಹೆಪಾರಿನ್ ಸೂಜಿ ಬೇಕಾಗಬಹುದು, ಐಎನ್‌ಆರ್ ಬೇಗಬೇಗ ಮಾಡಿಸಬೇಕು. ಪದೇ ಪದೇ ಐಎನ್‌ಆರ್ ತೊಂದರೆ ಎಂದು ಹೊಸ ಗುಂಪಿನ ಮಾತ್ರೆಗೆ ಬದಲಿಸಿಕೊಡಿ ಎಂದು ಕೇಳುವವರಿಗೊಂದು ಮಾತು: ಲೋಹದ ವಾಲ್ವ್ ಇದ್ದವರಿಗೆ ಅವು ಸಲ್ಲ. ಸಂಧಿವಾತ (ರುಮಾಟಿಕ್) ಜ್ವರದಿಂದ ಕಿರಿದಾದ ಮೈಟ್ರಲ್ ವಾಲ್ವ್ ಇದ್ದವರಿಗೂ ಹಳೆಯ ಗುಂಪೇ ಮೇಲು. ರುಮಾಟಿಕ್ ಹೃದ್ರೋಗದ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ರಿವರಾಕ್ಸಬಾನ್ ಅನ್ನು ಹಳೆಯ ಗುಂಪಿನ ಮಾತ್ರೆಯೊಡನೆ ಹೋಲಿಸಿ ನೋಡಿದ ಇನ್‌ವಿಕ್ಟಸ್ ಅಧ್ಯಯನ 2022ರಲ್ಲಿ ಅದನ್ನು ತೋರಿಸಿತು.

ಜೇಬಿನಲ್ಲಿರಬೇಕಾದ ಚೀಟಿ

ಮೊಬೈಲ್ ಕವರಿನ ಹಿಂದೆ ಹಿಡಿಯುವಷ್ಟು ಸಣ್ಣ ಕಾರ್ಡು ಸಾಕು. ಮಾತ್ರೆಯ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರು, ಡೋಸ್, ಯಾವ ಕಾಯಿಲೆಗೆ, ಗುರಿ ಐಎನ್‌ಆರ್, ಕೊನೆಯ ಐಎನ್‌ಆರ್ ಮತ್ತು ಅದರ ತಾರೀಖು, ರಕ್ತದ ಗುಂಪು, ವೈದ್ಯರ ಫೋನ್. ಮೂಲ ಹೆಸರು ಬರೆಯುವುದು ಊರು ಬಿಟ್ಟಾಗ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆತಾಯಿ ಅಸಿಟ್ರಾಮ್ ಎಂದು ಹೇಳಿದರೆ ಅಲ್ಲಿನ ತುರ್ತು ಕೋಣೆಯಲ್ಲಿ ಯಾರಿಗೂ ಹೊಳೆಯದಿರಬಹುದು. ಅಸಿನೊಕೌಮರಾಲ್ ಅಲ್ಲಿ ಮಾರಾಟದಲ್ಲೇ ಇಲ್ಲ. ‘ವಾರ್ಫರಿನ್ ಗುಂಪಿನ ಔಷಧ, ವಿಟಮಿನ್ ಕೆ ವಿರೋಧಿ’ ಎಂದು ಇಂಗ್ಲಿಷಿನಲ್ಲಿ ಕಾರ್ಡಿನ ಮೇಲೆ ಬರೆಸಿಕೊಂಡು ಹೋಗಿ. ಇರುವಷ್ಟು ದಿನಕ್ಕೂ ಸಾಕಾಗುವ ಮಾತ್ರೆಯನ್ನು ಚೀಟಿ ಸಮೇತ ಒಯ್ಯಿರಿ. ಅಲ್ಲಿ ಮುಗಿದುಹೋಗಿ ವಾರ್ಫರಿನ್‌ಗೆ ಬದಲಾಯಿಸಬೇಕಾಗಿ ಬಂದರೆ 2 ಮಿ.ಗ್ರಾಂ ಅಸಿಟ್ರಾಮ್ ಜಾಗಕ್ಕೆ 2 ಮಿ.ಗ್ರಾಂ ವಾರ್ಫರಿನ್ ಎಂದು ನೀವೇ ಲೆಕ್ಕ ಹಾಕಬೇಡಿ. ಎರಡರ ಬಲವೂ ಮೈಯಲ್ಲಿ ಉಳಿಯುವ ಅವಧಿಯೂ ಬೇರೆ, ಹೊಸ ಡೋಸ್ ಕೂರುವವರೆಗೆ ಕೆಲವು ದಿನಕ್ಕೊಮ್ಮೆ ಐಎನ್‌ಆರ್ ನೋಡಿಯೇ ಹೊಂದಿಸಬೇಕಾಗುತ್ತದೆ.